ಸಕ್ಕರೆ ಆರತಿ, ಗಾಜಿನ ಹಣ್ಣು

ಗೌರಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯ ಆ ಮನೆಯಲ್ಲಿ ಅಟ್ಟದ ಮೇಲಿದ್ದ ಸಾಗುವಾನಿ ಅಚ್ಚುಗಳು ಕೆಳಗಿಳಿದು ನೀರಿನಲ್ಲಿ ನೆನೆಯುತ್ತಿದ್ದವು. ಆನೆ, ಒಂಟೆ, ನವಿಲು, ಬಸವಣ್ಣ, ತೇರು. ಒಣ ಅಚ್ಚಿಗೆ ಪಾಕ ಹೊಯ್ದರೆ ಕಚ್ಚಿಕೊಂಡು ಬಿಡುತ್ತದೆ. ಆನೆ ಹೊರಗೆ ಬಂದರೂ ಸೊಂಡಿಲು ಒಳಗೇ ಉಳಿಯುತ್ತದೆ.

ಮೊಮ್ಮಗಳ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಹಡಗಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎಸ್ಸಿ. ಎರಡನೆಯ ವರ್ಷ ಓದುವ ಹುಡುಗಿ. ಮೊಬೈಲಿನಲ್ಲಿ ಚೀನಾದ ತಾಂಗ್‌ಹುಲು ನೋಡಿದ್ದಳು. ಚಳಿಗಾಲ ಬಂತೆಂದರೆ ಬೀಜಿಂಗಿನ ಬೀದಿಗಳಲ್ಲಿ ಮಾರುವ ತಿಂಡಿ ಅದು. ಶಾನ್‌ಝಾ ಎಂಬ ಹುಳಿಹುಳಿಯಾದ ಕೆಂಪು ಹಣ್ಣನ್ನು ಬಿದಿರು ಕಡ್ಡಿಗೆ ಪೋಣಿಸಿ, ಕುದಿಯುವ ಪಾಕದಲ್ಲಿ ಹೊರಳಿಸಿ ತೆಗೆದರೆ ಮೇಲೆ ಗಾಜಿನಂಥ ಹೊದಿಕೆ. ಕಚ್ಚಿದರೆ ಕಟಕ್ಕೆಂದು ಮುರಿಯಬೇಕು.

‘ಅದೂ ಸಕ್ರಿ, ಇದೂ ಸಕ್ರಿ. ಮಾಡು ನೋಡೋಣು’ ಎಂದು ಅಜ್ಜಿ ಒಲೆ ಬಿಟ್ಟುಕೊಟ್ಟರು.

ಮೊದಲ ಸಲ ಪಾಕ ಕುದಿಯುತ್ತಿದ್ದಂತೆ ಹುಡುಗಿಯ ಕೈ ತಾನಾಗಿ ಸೌಟು ಆಡಿಸಿತು. ಆರತಿ ಮಾಡುವ ಮನೆಯಲ್ಲಿ ಬೆಳೆದ ಕೈ. ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಪಾತ್ರೆಯ ಅಂಚಿಗೆ ತಿಕ್ಕಿ ತಿಕ್ಕಿ, ಬೆಳ್ಳಗಾಗುತ್ತಲೇ ಅಚ್ಚಿಗೆ ಸುರಿಯುವುದು ಇಲ್ಲಿನ ರೀತಿ. ತಿಕ್ಕಿದಾಗ ಸಣ್ಣ ಹರಳುಗಳು ಹುಟ್ಟುತ್ತವೆ, ಹರಳು ಹುಟ್ಟಿದರೇ ಆನೆಗೆ ಆ ಹಾಲುಬಿಳುಪು. ತಾಂಗ್‌ಹುಲುವಿಗೆ ಹರಳೇ ವೈರಿ. ಕಲಕದೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನೀರು ಬಹುತೇಕ ಹೋದ ಮೇಲೆ ತಟ್ಟನೆ ಆರಿಸಬೇಕು. ಆಗ ಹರಳುಗಟ್ಟಲು ಪುರುಸೊತ್ತು ಸಿಗದ ಸಕ್ಕರೆ ಗಾಜಾಗುತ್ತದೆ. ಈ ಹುಡುಗಿಯ ಪಾಕವೋ ಪಾತ್ರೆಯಲ್ಲೇ ಬೆಳ್ಳಗೆ ಗಟ್ಟಿಯಾಯಿತು.

ಎರಡನೆಯ ಸಲ ನಾಲ್ಕು ಹನಿ ನಿಂಬೆರಸ ಬಿತ್ತು. ಹುಳಿ ಸೇರಿದರೆ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ಹರಳಾಗಲು ಅಡ್ಡಬರುತ್ತದೆಂಬುದು ಕಾಲೇಜಿನ ಪಾಠ. ಪಾಕ ಸರಿಯಾಯಿತು, ಹಣ್ಣು ಕೈಕೊಟ್ಟಿತು. ಹೆಚ್ಚಿದ ಪೇರಲ ನೀರು ಬಿಟ್ಟು ಗಾಜೆಲ್ಲ ಕರಗಿ ಅಂಟಂಟಾಯಿತು.

ಆ ಹೊತ್ತಿಗೆ ಹೊರಗಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಹೇಳಿದ: ‘ಕೊಟ್ಟೂರಿನವರು ಈ ಹುಣ್ಣಿವಿಗೆ ಸೀರಿ, ಸಕ್ರಿ ಆರತಿ ತಗೊಂಡು ಬರ್ತಾರಂತ.’

ಈ ಭಾಗದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಂಡಿನ ಮನೆಯ ಆರತಿ ಬಂತೆಂದರೆ ಹುಡುಗಿ ಗೊತ್ತಾದಳೆಂದೇ ಲೆಕ್ಕ. ಅವ್ವ ಸುಮ್ಮನಿದ್ದಳು. ಹುಡುಗಿ ಅಂಟಿದ ಪಾತ್ರೆಗೆ ನೀರು ಹಾಕಿ ಉಜ್ಜತೊಡಗಿದಳು, ಅಗತ್ಯಕ್ಕಿಂತ ಜೋರಾಗಿ.

ಅಜ್ಜಿ ಒಂದು ಬಟ್ಟಲಲ್ಲಿ ತಣ್ಣೀರು ತಂದಿಟ್ಟರು. ‘ಇನ್ನೊಮ್ಮಿ ಇಡು’ ಎಂದರು. ಹೊಲದ ಬದುವಿನಿಂದ ತಂದಿದ್ದ ದೋರೆ ಬಾರಿಹಣ್ಣುಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸುತ್ತ, ಯಾರ ಮುಖವನ್ನೂ ನೋಡದೆ ಮಾತು ತೆಗೆದರು.

‘ಐದನೇತ್ತ ಓದತಿದ್ನಿ. ನಿಮ್ಮಜ್ಜನ ಮನಿಯವರು ಆರತಿ ತಂದ್ರು. ಇಷ್ಟೆತ್ತರದ ಆನಿ. ಅದನ್ನ ಕಂಡು ಓಣಿ ತುಂಬಾ ಕುಣುದ್ನಿ. ಆ ಆನಿ ತಿಂದು ಮುಗಿಯೋದ್ರಾಗ ಸಾಲಿ ಬಿಡಿಸಿದ್ರು.’

ಪಾಕದ ಹನಿಯೊಂದನ್ನು ಬಟ್ಟಲಿಗೆ ಬಿಟ್ಟರು. ಮೆತ್ತಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಬಾಗಿತು. ಮೂರನೆಯದನ್ನು ಹಲ್ಲಿಗಿಟ್ಟರೆ ಟಕ್ಕೆಂದಿತು. ಉಷ್ಣಮಾಪಕ ಇಲ್ಲದ ಅಡುಗೆಮನೆಗೆ ಇದೇ ಪರೀಕ್ಷೆ. ‘ಈಗ ಅದ್ದು. ಕೈ ಜ್ವಾಕಿ’ ಎಂದರು. ಜೋಕೆ ಬೇಕೇ ಬೇಕು: ಕುದಿಯುವ ನೀರು ಜಾರಿಹೋಗುತ್ತದೆ, ಈ ಪಾಕ ಚರ್ಮ ಹಿಡಿದುಕೊಂಡೇ ಸುಡುತ್ತದೆ. ಶಾಲೆಯ ಮಕ್ಕಳು ದೊಡ್ಡವರಿಲ್ಲದೆ ಇದಕ್ಕೆ ಕೈ ಹಾಕಬಾರದು.

ಎಣ್ಣೆ ಸವರಿದ ತಟ್ಟೆಯ ಮೇಲೆ ಏಳು ಕಡ್ಡಿಗಳು ಹೊಳೆದವು. ಅಪ್ಪ ಒಂದನ್ನು ಬಾಯಿಗಿಟ್ಟ. ಕಟಕ್ಕೆಂದಿತು. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡ.

‘ಇನ್ನ ಎಷ್ಟು ವರ್ಷದ್ದೈತಿ ಓದು?’ ಮಗಳನ್ನು ಕೇಳದೆ ಅಜ್ಜಿಯನ್ನು ಕೇಳಿದ.

‘ಓದಾಕಿನ್ನ ಕೇಳು’ ಎಂದರು ಅಜ್ಜಿ.

ರಾತ್ರಿ ಅವನು ಅಂಗಳಕ್ಕೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ‘ಡಿಗ್ರಿ ಮುಗೀಲಿ’ ಎಂಬುದೊಂದು ಮಾತು ಒಳಗೆ ಕೇಳಿಸಿತು. ಆಚೆಯವರು ‘ನೋಡೋಣು’ ಎಂದರಂತೆ. ಅದು ಹೂಂ ಎಂದೋ, ಸಂಬಂಧ ತಪ್ಪಿತೆಂದೋ ಅವನಿಗೂ ತಿಳಿದಿರಲಿಲ್ಲ. ಊಟ ಮಾಡದೆ ಮಲಗಿದ.

ಹುಣ್ಣಿಮೆಯ ಸಂಜೆ ಹುಡುಗಿ ಮನೆಯಲ್ಲೇ ಮಾಡಿದ ಆನೆಯನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿಕೊಂಡು ಗೆಳತಿಯರೊಡನೆ ಗೌರಿಯನ್ನು ಬೆಳಗಲು ಹೊರಟಳು. ಬಿಡಿಸುವಾಗ ಆನೆಯ ಬಾಲ ಮುರಿದಿತ್ತು. ಉಳಿದಿದ್ದ ಒಂದು ಬಾರಿಹಣ್ಣಿನ ಕಡ್ಡಿಯನ್ನೂ ಪಕ್ಕಕ್ಕೆ ಇಟ್ಟುಕೊಂಡಿದ್ದಳು. ಗುಡಿ ಮುಟ್ಟುವ ಮೊದಲೇ ಓಣಿಯ ಚಿಕ್ಕ ಹುಡುಗನೊಬ್ಬ ಅದನ್ನು ಕಸಿದುಕೊಂಡು ಓಡಿದ.