ಮೃತರ ವಾಲೆಟ್ ಮತ್ತು ವಾರಸುದಾರರ ಹಕ್ಕು

ಮರಣ ಹೊಂದಿದವರ ಮನೆ, ಜಮೀನು, ಬ್ಯಾಂಕಿನ ಠೇವಣಿಗಳನ್ನು ದಾಖಲೆಗಳ ಮೂಲಕ ವಾರಸುದಾರರು ಪತ್ತೆಹಚ್ಚಬಹುದು. ಬಿಟ್‌ಕಾಯಿನ್‌ನ ಸ್ಥಿತಿ ಹಾಗಲ್ಲ. ಅದರ ಗುಪ್ತ ಕೀಲಿ ಕಳೆದುಹೋದರೆ ಅರ್ಜಿ ಸಲ್ಲಿಸಲು ಯಾವ ಕಚೇರಿಯೂ ಇಲ್ಲ. ಬ್ರಿಟನ್‌ನ ನ್ಯೂಪೋರ್ಟ್ ನಗರದ ಜೇಮ್ಸ್ ಹೋವೆಲ್ಸ್ ಎಂಬವರ ಹಾರ್ಡ್‌ಡಿಸ್ಕ್ 2013ರಲ್ಲಿ ಕಸದ ರಾಶಿ ಸೇರಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ ಅದರಲ್ಲಿತ್ತು. ಅದಕ್ಕಾಗಿ ಅವರು ಹೂಡಿದ ದಾವೆಯನ್ನು 2025ರ ಜನವರಿಯಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಗಲ್ಫ್‌ನಲ್ಲಿ ದುಡಿಯುತ್ತಿದ್ದಾಗ, 2014ರಲ್ಲಿ, ಸ್ವಲ್ಪ ಬಿಟ್‌ಕಾಯಿನ್ ಕೊಂಡಿದ್ದರು. ಇಂತಹ ಖರೀದಿಯ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಲ್ಲಿನ ಪ್ರಶ್ನೆ ಬೇರೆ. ಅವರು ಅಲ್ಲಾಹನೆಡೆಗೆ ಮರಳಿದ ಬಳಿಕ ಅವರ ಪೆಟ್ಟಿಗೆಯಲ್ಲಿ ಒಂದು ಪೆನ್‌ಡ್ರೈವ್ ದೊರೆಯಿತು. ಅದರಲ್ಲಿ ವಾಲೆಟ್‌ನ ಹಳೆಯ ಬ್ಯಾಕಪ್ ಇತ್ತು. ಮೃತರ ಅಣ್ಣ ಅದನ್ನು ನಮ್ಮ ಬಳಿ ತಂದರು. ನಾವು ಕಂಪ್ಯೂಟರ್ ಬಲ್ಲ ಯುವಕರೊಬ್ಬರನ್ನು ಕರೆಸಿದೆವು.

ಅವರು ಮೊದಲು ಕಡತದ ಎರಡು ಪ್ರತಿಗಳನ್ನು ಮಾಡಿ ಮೂಲವನ್ನು ಎತ್ತಿಟ್ಟರು. ಆ ಕಾಲದ ಬಿಟ್‌ಕಾಯಿನ್ ಕೋರ್ ತಂತ್ರಾಂಶವು ಮುಂದೆ ಬೇಕಾಗುವ ನೂರು ಕೀಲಿಗಳನ್ನು ಮೊದಲೇ ಸೃಷ್ಟಿಸಿ ಇಡುತ್ತಿತ್ತಂತೆ. ಆದ್ದರಿಂದ ಬ್ಯಾಕಪ್ ಹಳೆಯದಾದರೂ ನಿರಾಶರಾಗಬೇಕಿಲ್ಲ ಎಂದರು. ಕಡತ ತೆರೆಯಿತು, ಮೊತ್ತವೂ ಕಾಣಿಸಿತು. ಆದರೆ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿಗಳು ಪಾಸ್‌ವರ್ಡ್‌ನ ಹಿಂದಿದ್ದವು. ಪಾಸ್‌ವರ್ಡ್ ಯಾರಿಗೂ ತಿಳಿದಿರಲಿಲ್ಲ.

ಮೃತರಿಗೆ ಸಾಲವಿತ್ತು, ಮಡದಿ ಮತ್ತು ಇಬ್ಬರು ಚಿಕ್ಕ ಮಕ್ಕಳಿದ್ದರು. "ಉಸ್ತಾದ್, ಇದನ್ನು ನಂಬಿ ಸಾಲಗಾರರಿಗೆ ಮಾತು ಕೊಡಬಹುದೇ?" ಎಂದು ಅಣ್ಣ ಕೇಳಿದರು. ಕೈಗೆ ಬಾರದ ಹಣದ ಮೇಲೆ ಮಾತು ಕೊಡಬೇಡಿರಿ, ಇರುವ ಸೊತ್ತಿನಿಂದಲೇ ಸಾಲ ತೀರಿಸಲು ಆರಂಭಿಸಿರಿ ಎಂದೆವು. ಮುಂದೊಂದು ದಿನ ವಾಲೆಟ್ ತೆರೆದರೆ ಮೊದಲು ಉಳಿದ ಸಾಲ, ಅನಂತರ ವಸಿಯ್ಯತ್, ಆಮೇಲೆ ವಾರಸುದಾರರ ಪಾಲು. ಹುಡುಕಿದವರೆಂಬ ಕಾರಣಕ್ಕೆ ಅದು ಅಣ್ಣನದಾಗದು. ಅವರ ಬಳಿ ಅದು ಅನಾಥ ಮಕ್ಕಳ ಅಮಾನತ್. ಅವರು ತಲೆದೂಗಿದರು.

ಈ ನಡುವೆ ಕಡತವನ್ನೂ ಮುಂಗಡ ಹಣವನ್ನೂ ಕಳುಹಿಸಿದರೆ ತೆರೆದುಕೊಡುವೆವೆಂದು ಅಪರಿಚಿತರೊಬ್ಬರು ಫೋನಿನಲ್ಲಿ ಹೇಳಿದರು. ಕಡತ ಮತ್ತು ಪಾಸ್‌ವರ್ಡ್ ಎರಡೂ ಸಿಕ್ಕವರು ಹಣವನ್ನು ತಮ್ಮದಾಗಿಸಿಕೊಳ್ಳಬಲ್ಲರೆಂದು ಯುವಕರು ಎಚ್ಚರಿಸಿದರು. ಈಗ ಮನೆಯವರೇ ಹಳೆಯ ದಿನಚರಿಗಳಿಂದ ಪದಗಳನ್ನು ಆಯ್ದು, ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರಯತ್ನಿಸುತ್ತಿದ್ದಾರೆ. ಇನ್ನೂ ತೆರೆದಿಲ್ಲ.

ಸಾಲವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸಿದೆ. ವಸಿಯ್ಯತ್ ಮಾಡಬೇಕಾದುದಿದ್ದರೆ ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದೂ ಸಲ್ಲದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇಂದಿನ ಹೆಚ್ಚಿನ ವಾಲೆಟ್‌ಗಳು 12 ಅಥವಾ 24 ಪದಗಳನ್ನು ನೀಡುತ್ತವೆ. ಪ್ರಿಯ ಓದುಗರೇ, ನಿಮ್ಮಲ್ಲಿ ಅಂತಹುದಿದ್ದರೆ ಆ ಪದಗಳನ್ನು ಕಾಗದದಲ್ಲಿ ಬರೆದು ಭದ್ರವಾಗಿಡಿರಿ. ಅದು ಎಲ್ಲಿದೆಯೆಂದು ನಂಬಿಕಸ್ತರೊಬ್ಬರಿಗೆ ತಿಳಿಸಿರಿ. ನಿಮ್ಮ ಸಾಲಗಾರರಿಗೂ ಮಕ್ಕಳಿಗೂ ಅದರಲ್ಲಿ ಹಕ್ಕಿದೆ.