ರಾಣಿ ಒರಗಿದ ನೆಲ: ಬೈಲಹೊಂಗಲ

ಬೆಳಗಾವಿ–ಧಾರವಾಡ ಹೆದ್ದಾರಿಯಲ್ಲಿ ಸಾಗುವ ಪ್ರವಾಸಿಗರು ಕಿತ್ತೂರನ್ನು ಕಾಣದೆ ಮುಂದೆ ಹೋಗುವುದು ವಿರಳ. ಕುಸಿದ ಕೋಟೆಗೋಡೆ, ಹಾಳುಬಿದ್ದ ಅರಮನೆ, ಧ್ರುವನಕ್ಷತ್ರವನ್ನು ನೋಡಲೆಂದು ಅದರ ಗೋಡೆಯಲ್ಲಿ ಇರಿಸಿದ ಕಿಂಡಿ, ಹತ್ತಿರದ ವಸ್ತುಸಂಗ್ರಹಾಲಯ ಇವನ್ನೆಲ್ಲ ನೋಡಿ ಅವರು ತೃಪ್ತರಾಗುತ್ತಾರೆ. ಆದರೆ ಕಿತ್ತೂರಿನ ಕಥೆ ಕಿತ್ತೂರಿನಲ್ಲಿ ಮುಗಿಯುವುದಿಲ್ಲ. ಅದರ ಕೊನೆಯನ್ನು ಕಾಣಬೇಕಾದರೆ ಹೆದ್ದಾರಿಯನ್ನು ಬಿಟ್ಟು ಬೈಲಹೊಂಗಲದ ದಾರಿಯನ್ನು ಹಿಡಿಯಬೇಕು.

ಇದು ಮಲಪ್ರಭೆಯ ಬಯಲು. ಹಿಂದಿನ ಕಾಗದಪತ್ರಗಳಲ್ಲಿ ಸಂಪಗಾಂವ ತಾಲೂಕು ಎಂದು ಹೆಸರಾದ ನಾಡು. ಎರೆಹೊಲಗಳಲ್ಲಿ ಜೋಳ, ಹತ್ತಿ, ಕಡಲೆ ಬೆಳೆಯುತ್ತವೆ. ಈ ಹೊಲಗಳ ನಡುವಿನಿಂದಲೇ ರಾಣಿ ಚೆನ್ನಮ್ಮನನ್ನು ಸೆರೆಯಾಳಾಗಿ ಬೈಲಹೊಂಗಲದ ಕೋಟೆಗೆ ಕರೆತಂದರು.

1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಮಾನ್ಯಮಾಡಲಿಲ್ಲ. ಅಕ್ಟೋಬರ್ 23ರಂದು ಕೋಟೆಯೆದುರು ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಕಂಪನಿ ಸರಕಾರ ದೊಡ್ಡ ದಂಡನ್ನು ಕೂಡಿಸಿತು. ಡಿಸೆಂಬರ್ 5ರಂದು ಕಿತ್ತೂರು ಬಿದ್ದಿತು. ಮುಂದೆ ನಾಲ್ಕು ವರ್ಷಗಳಿಗೂ ಮಿಕ್ಕಿ ರಾಣಿ ಸೆರೆಯಲ್ಲಿದ್ದು, 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದಲ್ಲಿಯೇ ಕಣ್ಣುಮುಚ್ಚಿದಳು.

ಮಡಿದ ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕಸ್ತಂಭ ಎದ್ದಿತು. ಸೋತವರ ನೆನಪನ್ನು ಕಾಯ್ದವರು ಲಾವಣಿಕಾರರು. ರಾಣಿಯ ಹೆಸರಿನಲ್ಲಿ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳನ್ನು ಬೇಡುವವರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಯಾರ ಅಪ್ಪಣೆಯನ್ನೂ ಕಾಯದೆ ಜನರು ತಾವೇ ಕಟ್ಟಿಕೊಂಡ ಸ್ಮಾರಕವದು.

ಸ್ವಾತಂತ್ರ್ಯ ಬಂದ ಮೇಲೆ ರಾಣಿಗೂ ಗೌರವಗಳು ಸಂದವು. 1977ರಲ್ಲಿ ಅಂಚೆಚೀಟಿ, 2007ರಲ್ಲಿ ಸಂಸತ್ತಿನ ಆವರಣದಲ್ಲಿ ಪ್ರತಿಮೆ, 2010ರಲ್ಲಿ ಬೆಳಗಾವಿಯಲ್ಲಿ ಅವಳ ಹೆಸರಿನ ವಿಶ್ವವಿದ್ಯಾಲಯ. 2021ರಲ್ಲಿ ಮುಂಬಯಿ ಕರ್ನಾಟಕವು ಕಿತ್ತೂರು ಕರ್ನಾಟಕವಾಯಿತು. ಪ್ರತಿವರ್ಷ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. ಕುದುರೆಯೇರಿ ಖಡ್ಗ ಹಿರಿದ ರಾಣಿಯ ಮೂರ್ತಿ ಅನೇಕ ಪಟ್ಟಣಗಳ ವೃತ್ತಗಳಲ್ಲಿ ನಿಂತಿದೆ.

ಇಷ್ಟೆಲ್ಲ ಆದರೂ ಬೈಲಹೊಂಗಲದವರ ಮನಸ್ಸಿನಲ್ಲಿ ಒಂದು ಕೊರಗು ಉಳಿದಿದೆ. ಅವಳು ಒರಗಿದ ನೆಲದಲ್ಲಿರುವುದು ಒಂದು ಸಣ್ಣ ಉದ್ಯಾನ, ಅದರ ನಡುವೆ ಸಮಾಧಿ. ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಬೇಕು, ಅದಕ್ಕೆ ತಕ್ಕಂತೆ ಕಾಪಾಡಬೇಕು ಎಂಬ ಬೇಡಿಕೆ ಈ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ.

ಇಷ್ಟೊಂದು ಪ್ರತಿಮೆಗಳಿರುವಾಗ ಇನ್ನೊಂದು ಸ್ಮಾರಕವೇಕೆ ಎಂದು ಕೇಳುವವರು ಇರಬಹುದು. ಕುದುರೆಯೇರಿದ ಮೂರ್ತಿ ಹೇಳುವುದು ಗೆಲುವಿನ ದಿನವನ್ನು ಮಾತ್ರ. ಕೋಟೆ ಬಿದ್ದ ಮೇಲೆ, ಖಡ್ಗವಿಲ್ಲದೆ, ಸಿಂಹಾಸನವಿಲ್ಲದೆ, ಕಾವಲುಗಾರರ ನಡುವೆ ರಾಣಿ ಕಳೆದ ದಿನಗಳನ್ನು ಯಾವ ವೃತ್ತದ ಮೂರ್ತಿಯೂ ಹೇಳಲಾರದು. ಗೆದ್ದ ದಿನಕ್ಕೆ ಉತ್ಸವ ಮಾಡುವುದು ಸುಲಭ. ಸೋಲನ್ನು ನೆನೆಯುವುದಕ್ಕೆ ಅದು ಒದಗಿದ ಸ್ಥಳವೇ ಬೇಕು. ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ಗುಂಡು ತಾಗಿದ ಗೋಡೆಗಳನ್ನು ಉಳಿಸಿಕೊಂಡಿರುವುದು ಈ ಕಾರಣಕ್ಕೇ.

ಬೈಲಹೊಂಗಲದಲ್ಲಿ ಬೇಕಾಗಿರುವುದು ಬೆರಗುಗೊಳಿಸುವ ಕಟ್ಟಡವಲ್ಲ. ಸೆರೆವಾಸದ ಕಥೆಯನ್ನು ನಿಚ್ಚಳವಾಗಿ ಹೇಳುವ ಶಿಲಾಲೇಖ, ರಾಣಿಯೊಡನೆ ಹೋರಾಡಿದ ಅಮಟೂರು ಬಾಳಪ್ಪನಂಥವರ ಹೆಸರುಗಳು, ಶಾಲೆಯ ಮಕ್ಕಳು ಕುಳಿತು ಕೇಳಲು ನೆರಳು, ವರ್ಷವಿಡೀ ತಪ್ಪದ ನಿಗಾ ಇಷ್ಟಾದರೆ ಸಾಕು.

ಕಿತ್ತೂರಿನಿಂದ ಬೈಲಹೊಂಗಲ ಬಹಳ ದೂರದ ಊರಲ್ಲ. ಕೋಟೆಯನ್ನು ನೋಡಿದವರು ಸಮಾಧಿಯನ್ನೂ ನೋಡಿಯೇ ಊರಿಗೆ ಮರಳುವ ರೂಢಿ ಬೆಳೆದರೆ, ಬೈಲಹೊಂಗಲದ ಬೇಡಿಕೆಗೆ ಅದಕ್ಕಿಂತ ದೊಡ್ಡ ಬಲ ಬೇರೊಂದಿಲ್ಲ.