ತಪ್ಪಬಹುದಾದ ಒಂದು ಗಂಟೆ

ಬನ್ನಿ, ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಈ ಮೆಟ್ಟಿಲು ಹತ್ತೋಣ. ಅಕ್ಟೋಬರ್ ತಿಂಗಳು, ಮಿಕಲ್‌ಮಸ್ ಟರ್ಮ್ ಈಗಷ್ಟೇ ಶುರುವಾಗಿದೆ. ಕಿಟಕಿಯಾಚೆ ಕಾಲೇಜಿನದೇ ಜಿಂಕೆವನ. ಒಳಗೆ ಮೂರು ಕುರ್ಚಿ: ಒಂದರಲ್ಲಿ ಟ್ಯೂಟರ್, ಉಳಿದೆರಡರಲ್ಲಿ ಇಬ್ಬರು ವಿದ್ಯಾರ್ಥಿಗಳು. ಕಪ್ಪುಹಲಗೆಯಿಲ್ಲ, ಹಾಜರಿ ಕೂಗುವವರಿಲ್ಲ. ಹುಡುಗಿ ರಾತ್ರಿಯೆಲ್ಲ ಕೂತು ಬರೆದ ಪ್ರಬಂಧವನ್ನು ಗಟ್ಟಿಯಾಗಿ ಓದುತ್ತಿದ್ದಾಳೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಟ್ಯೂಟರ್ ಕೈ ಎತ್ತುತ್ತಾರೆ.

"ಅಲ್ಲೇ ನಿಲ್ಲಿಸಿ. ಜಾನ್ ಸ್ಟುವರ್ಟ್ ಮಿಲ್ ಹಾಗೆ ಹೇಳಿದ್ದು ಎಲ್ಲಿ?"

ಆಕೆ ತಡವರಿಸುತ್ತಾಳೆ. ಪುಟ ತಿರುವುತ್ತಾಳೆ. ಪಕ್ಕದ ಹುಡುಗ ಏನೋ ಹೇಳಹೊರಟು ಸುಮ್ಮನಾಗುತ್ತಾನೆ. ಕೊನೆಗೆ ಆಕೆ ತನ್ನ ವಾದವನ್ನು ಕೈಬಿಟ್ಟು, ಅಲ್ಲಿಯೇ, ಅವರೆದುರಿಗೇ ಇನ್ನೊಂದನ್ನು ಕಟ್ಟತೊಡಗುತ್ತಾಳೆ. ಟ್ಯೂಟರ್ ಕೈಯನ್ನು ಗಮನಿಸಿ: ಎಲ್ಲೂ ಅಂಕ ಬರೆದುಕೊಳ್ಳುತ್ತಿಲ್ಲ. ಈ ಗಂಟೆ ಅವಳ ಪದವಿಯ ಲೆಕ್ಕಕ್ಕೆ ಬರುವುದೇ ಇಲ್ಲ. ನಿರ್ಭಯವಾಗಿ ತಪ್ಪಲು ಸಿಗುವ ಈ ಅವಕಾಶವೇ ಬ್ರಿಟಿಷ್ ಶಿಕ್ಷಣದ ಅತ್ಯುತ್ತಮ ಭಾಗವೆಂದು ನನಗನ್ನಿಸುತ್ತದೆ. 1960ರಿಂದ 1963ರವರೆಗೆ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದ್ದು ಈ ಊರಿನಲ್ಲೇ.

ಆದರೆ ಹುಡುಗಿ ತನ್ನ ವಿಷಯವನ್ನು ಇಲ್ಲಿ ಕಾಲಿಡುವ ಮೊದಲೇ ಅರ್ಜಿಯಲ್ಲಿ ಬರೆದುಕೊಟ್ಟಾಗಿದೆ. ನಾಳೆ ಭೂವಿಜ್ಞಾನ ಮನಸ್ಸಿಗೆ ಹಿಡಿದರೆ ಬಹುಮಟ್ಟಿಗೆ ಮೊದಲಿನಿಂದಲೇ ಶುರುಮಾಡಬೇಕು. (ಸ್ಕಾಟ್ಲೆಂಡಿನ ನಾಲ್ಕು ವರ್ಷದ ಪದವಿಯಲ್ಲಿ ಇಷ್ಟು ಬಿಗಿ ಇಲ್ಲ.) ಮೂರನೇ ವರ್ಷದ ಬೇಸಿಗೆಯಲ್ಲಿ ಕಪ್ಪು ಗೌನು ತೊಟ್ಟು ಹೈ ಸ್ಟ್ರೀಟಿನ ಎಕ್ಸಾಮಿನೇಷನ್ ಸ್ಕೂಲ್ಸ್‌ಗೆ ಹೋಗುತ್ತಾಳೆ, ಕೊನೆಯ ಪತ್ರಿಕೆಯ ದಿನ ಎದೆಗೆ ಕೆಂಪು ಕಾರ್ನೇಷನ್. ಪದವಿಯ ದರ್ಜೆ ಫಸ್ಟೋ ಟೂ‑ಒನ್ನೋ, ಬಹುತೇಕ ಅಲ್ಲೇ ತೀರ್ಮಾನ.

ಈಗ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ. ಹೈಡ್ ಪಾರ್ಕಿನಲ್ಲಿ ಹಿಮ ಮೊಣಕಾಲಿಗೆ ಬರುತ್ತಿದೆ, ವಿಂಟರ್ ಕ್ವಾರ್ಟರ್. ತರಗತಿಯಲ್ಲಿ ಮೇಜಿನ ಸುತ್ತ ಕೂತವರಲ್ಲಿ ರಸಾಯನಶಾಸ್ತ್ರದವನಿದ್ದಾನೆ, ಅರ್ಥಶಾಸ್ತ್ರದವಳಿದ್ದಾಳೆ, ಇನ್ನೂ ಏನೂ ತೀರ್ಮಾನಿಸದವರೂ ಇದ್ದಾರೆ. ಎಲ್ಲರ ಕೈಯಲ್ಲೂ ಪ್ಲೇಟೋ. ಇದು ‘ಕೋರ್’, ವಿಷಯ ಯಾವುದಾದರೂ ಎಲ್ಲರೂ ಓದಲೇಬೇಕಾದ ಪಾಠ, ಯಾರಿಗೂ ತಪ್ಪಿದ್ದಲ್ಲ. ಎ. ಕೆ. ರಾಮಾನುಜನ್ ಒಂದೇ ವಿಭಾಗಕ್ಕೆ ಕಟ್ಟುಬೀಳದೆ ಪಾಠ ಹೇಳಿದ್ದು ಈ ವಿಶ್ವವಿದ್ಯಾಲಯದಲ್ಲಿ. ಅವರು ಹೇಳಿದ ಜನಪದ ಕತೆಗಳಿಂದ ಕಾರ್ನಾಡರು ‘ನಾಗಮಂಡಲ’ ಬರೆದದ್ದೂ ಇಲ್ಲಿಯೇ, 1987–88ರಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಬಂದಾಗ.

ಆ ರಸಾಯನಶಾಸ್ತ್ರದ ಹುಡುಗನ ಬೆನ್ನುಹತ್ತಿ ಅಡ್ವೈಸರ್ ಕೋಣೆಗೆ ಬನ್ನಿ. ಅವನಿಗೆ ಇತಿಹಾಸ ಓದಬೇಕಂತೆ. ಅಡ್ವೈಸರ್ ಪರದೆಯನ್ನು ಅವನತ್ತ ತಿರುಗಿಸುತ್ತಾರೆ: ಪಾಸಾದ ಕೆಮಿಸ್ಟ್ರಿ ಕೋರ್ಸುಗಳು ವ್ಯರ್ಥವಲ್ಲ, ಎಲೆಕ್ಟಿವ್ ಆಗಿ ಲೆಕ್ಕಕ್ಕೆ ಸೇರುತ್ತವೆ. ನಾಲ್ಕು ವರ್ಷದಲ್ಲೇ ಮುಗಿಯುತ್ತದೆ. ಆದರೆ ಅವನ ಕಣ್ಣು ಪರದೆಯ ಮೂಲೆಯಲ್ಲಿರುವ ಜಿಪಿಎ, ಅಂದರೆ ಅಂಕಗಳ ಸರಾಸರಿಯ ಮೇಲಿದೆ. ಮಿಡ್‌ಟರ್ಮ್, ಮನೆಗೆಲಸ, ತರಗತಿಯಲ್ಲಿ ಬಾಯಿ ಬಿಟ್ಟದ್ದು, ಬಿಡದ್ದು, ಎಲ್ಲವೂ ಆ ಸಂಖ್ಯೆಯೊಳಗೆ ಕೂತಿದೆ. ಹತ್ತೊಂಬತ್ತರ ಹುಡುಗನ ಮುಖದಲ್ಲಿ ಆ ಆತಂಕ ನೋಡಲು ಸಂಕಟವಾಗುತ್ತದೆ.

"ಮುಂದಿನ ಕ್ವಾರ್ಟರಿಗೆ ಏನು ತಗೊಳ್ತೀಯ?"

ಬೈಜಾಂಟಿಯಮ್ ಇತಿಹಾಸ ಅನ್ನುತ್ತಾನೆ. ಅಲ್ಲಿ ‘ಎ’ ಸಿಗುವುದು ಕಷ್ಟವೇ ಎಂದು ಮೊದಲು ಕೇಳುತ್ತಾನೆ. ಕಷ್ಟವೇ ಎಂದು ಉತ್ತರ ಬಂದ ಮೇಲೂ ಹೆಸರು ಸೇರಿಸುತ್ತಾನೆ.